ಡಿಪೊ ವ್ಯವಸ್ಥಾಪಕರಿಗೆ ಸುರಕ್ಷತೆಯೂ ಗೊತ್ತಿರಲಿ

ನಗರ ಸಾರಿಗೆ ಡಿಪೊಗಳ ವ್ಯವಸ್ಥಾಪಕರಿಗೆ ಡೀಸೆಲ್ಲು, ಟ್ರಿಪ್ಪು, ಆದಾಯದ ಲೆಕ್ಕವಷ್ಟೇ ಗೊತ್ತಿದ್ದರೆ ಸಾಲದು. ಜಾಕ್ ಮೇಲೆ ಎತ್ತಿದ ಬಸ್ಸಿನಡಿ ನುಸುಳುವ ಮೆಕ್ಯಾನಿಕ್, ರಾತ್ರಿ ರಿವರ್ಸ್ ಬರುವ ಗಾಡಿಯ ಹಿಂದೆ ನಿಂತು ಸೀಟಿ ಊದುವ ಸಹಾಯಕ, ಇವರ ಜೀವವೂ ಅವರದೇ ಹೊಣೆ. ಈಗಂತೂ ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಬಸ್ಸುಗಳಿವೆ. ಅವುಗಳ ಹೈ ವೋಲ್ಟೇಜ್ ಬ್ಯಾಟರಿ ಹಳೆಯ ಸ್ಪ್ಯಾನರ್ ಅನುಭವಕ್ಕೆ ದಕ್ಕುವಂಥದ್ದಲ್ಲ. ದಣಿವೂ ಅಪಾಯವೇ; ದಿನಕ್ಕೆ 8 ಗಂಟೆ ದುಡಿಮೆ ಎಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. ಪಾಳಿಪಟ್ಟಿ ಬರೆಯುವವರಿಗೆ ಅದು ನೆನಪಿರಬೇಡವೇ?

ಆಯ್ಕೆಯ ಸಂದರ್ಶನದಲ್ಲೇ ಸುರಕ್ಷತೆಯ ಪ್ರಶ್ನೆಗಳಿರಲಿ. ಆದರೆ ಅಪಘಾತ ತಗ್ಗಿದರೆ ಬಡ್ತಿ ಎನ್ನಬೇಡಿ, ಮುಚ್ಚಿಡುವುದು ಶುರುವಾಗುತ್ತದೆ! ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ದಾಖಲಿಸುವವರಿಗೆ ಮನ್ನಣೆ ಸಿಗಲಿ. ಸಾರಿಗೆ ಸಚಿವರು ಗಮನಿಸಬೇಕೆಂದು ವಿನಂತಿ.

– ನಿತ್ಯ ಪ್ರಯಾಣಿಕ, ಹುಬ್ಬಳ್ಳಿ