ಹಳೆಯ ಜೀಪಿಗೆ ಬಣ್ಣ ಹೊಡೆಸುವ ಮುನ್ನ

ನಮ್ಮ ಸಂಘದ ಸದಸ್ಯರಲ್ಲಿ ಹಲವರ ಮನೆಯ ಹಿಂದೆ, ಅಡಿಕೆ ಚಪ್ಪರದ ಪಕ್ಕದಲ್ಲೋ ಗೊಬ್ಬರದ ಕೊಟ್ಟಿಗೆಯಲ್ಲೋ, ಒಂದು ಹಳೆಯ ಜೀಪು ನಿಂತಿರುತ್ತದೆ. ಕೆಲವು ಇನ್ನೂ ಓಡುತ್ತಿವೆ. ಕೆಲವಕ್ಕೆ ಈಗ ಕೋಳಿಗಳೇ ಒಡೆಯರು. ಈಚಿನ ವರ್ಷಗಳಲ್ಲಿ ಇವುಗಳ ಮೇಲೆ ಪೇಟೆಯವರ ಕಣ್ಣು ಬಿದ್ದಿದೆ. ಗುಜರಿ ತೂಕದ ಲೆಕ್ಕದಲ್ಲಿ ಕೇಳುವವರು ಒಂದು ಕಡೆ, ಹೊಸದರಂತೆ ಮಾಡಿಸಿಕೊಡುತ್ತೇವೆಂದು ಹುರಿದುಂಬಿಸುವವರು ಇನ್ನೊಂದು ಕಡೆ. ಮಾರುವುದು ಬಿಡುವುದು ಅವರವರ ಇಷ್ಟ. ಆದರೆ ಸರಿಪಡಿಸಲು ಹೊರಟವರು ಕೈಯಿಂದ ಹಣವನ್ನೂ ಕಳೆದುಕೊಂಡು, ಕೊನೆಗೆ ಜೀಪನ್ನೂ ಕಳೆದುಕೊಳ್ಳುವುದುಂಟು. ಆದ್ದರಿಂದ ಈ ನಾಲ್ಕು ಮಾತು.

ನನ್ನ ಅಭಿಪ್ರಾಯ ಇಷ್ಟೇ. ಹಳೆಯ ಜೀಪನ್ನು ಸರಿಪಡಿಸುವುದಾದರೆ ಅದು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಸರಿಪಡಿಸಬೇಕು. ಅದಕ್ಕಿಂತ ಚೆಂದ ಮಾಡುವುದೂ ಬೇಡ, ಅದನ್ನು ಬೇರೊಂದು ಜೀಪಾಗಿ ಮಾಡುವುದೂ ಬೇಡ.

ಯಾವ ಜೀಪು ಎಂದು ಮೊದಲು ತಿಳಿಯಬೇಕು

"ನಮ್ಮದು ಮಿಲಿಟರಿ ಜೀಪು" ಎಂದು ಹೇಳಿಕೊಳ್ಳುವವರು ಬಹಳ. ಎಲ್ಲವೂ ಹಾಗಲ್ಲ. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಒಂದೇ ನಕ್ಷೆಯ ಮೇಲೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಉಳಿದುಬಿದ್ದವುಗಳಲ್ಲಿ ಕೆಲವು ಮಲೆನಾಡಿಗೂ ಕೊಡಗಿಗೂ ಬಂದವು. ಅನಂತರ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಕಂಪೆನಿಯ ಒಪ್ಪಿಗೆ ಪಡೆದು ನಮ್ಮ ದೇಶದಲ್ಲೇ ಜೀಪು ಜೋಡಿಸಿದರು, ಬರಬರುತ್ತ ಇಲ್ಲೇ ತಯಾರಿಸಿದರು. ನಮ್ಮ ಕೊಟ್ಟಿಗೆಗಳಲ್ಲಿರುವ ಜೀಪುಗಳಲ್ಲಿ ಹೆಚ್ಚಿನವು ಈ ಎರಡನೆಯ ಸಂತತಿಯವು.

ಗುರುತು ಹಿಡಿಯುವುದು ಕಷ್ಟವಲ್ಲ. ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸಿ. ಯುದ್ಧಕಾಲದ ಜೀಪಿನ ಒತ್ತು ತಗಡಿನ ಗ್ರಿಲ್ಲಿಗೆ ಒಂಬತ್ತು ಸೀಳು, ದೀಪಗಳು ಗ್ರಿಲ್ಲಿನ ಹಿಂದೆ ಒಳಸರಿದಿರುತ್ತವೆ. 1945ರಿಂದ ಮುಖ್ಯವಾಗಿ ರೈತರನ್ನು ಕಣ್ಣಮುಂದಿಟ್ಟುಕೊಂಡು ತಯಾರಾದ ಸಿಜೆ-2ಎ ಮಾದರಿಗೆ ಏಳು ಸೀಳು, ದೀಪ ದೊಡ್ಡದು, ಹಿಂದೆ ತೆರೆಯುವ ಬಾಗಿಲು. 1949ರಲ್ಲಿ ಬಂದ ಸಿಜೆ-3ಎ ಮಾದರಿಗೆ ಮುಂದಿನ ಗಾಜು ಎರಡು ಹೋಳಲ್ಲ, ಒಂದೇ. 1953ರ ಸಿಜೆ-3ಬಿ ಮಾದರಿಯಲ್ಲಿ ಎಂಜಿನ್ನಿನ ಎತ್ತರ ಹೆಚ್ಚಿತು. ಗಾಳಿ-ಪೆಟ್ರೋಲು ಒಳಬಿಡುವ ವಾಲ್ವು ಮೇಲಿನ ಹೆಡ್ಡಿಗೆ ಹೋದದ್ದು ಅದಕ್ಕೆ ಕಾರಣ. ಆ ಎಂಜಿನ್ನನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ಕಡೆ ಹೆಚ್ಚಾಗಿ ಕಾಣುವ ಎತ್ತರದ ಮೂತಿಯ ಜೀಪು ಇದೇ.

ಯುದ್ಧಕಾಲದ್ದೇ ಆಗಿದ್ದರೆ ವಿಲ್ಲಿಸ್ಸೋ ಫೋರ್ಡೋ ಎಂದು ನೋಡಬೇಕು. ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಪಟ್ಟಿಗಳನ್ನು ಕೂಡಿಸುವ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡನೆಯ ಕೊಳವೆ, ಫೋರ್ಡಿನಲ್ಲಿ ಚೌಕಾಕಾರದ ಪಟ್ಟಿ. ಫೋರ್ಡಿನವರು ತಮ್ಮ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, 'ಎಫ್' ಅಕ್ಷರವನ್ನು ಮೂಡಿಸುತ್ತಿದ್ದರು. ತುಕ್ಕು ಹಿಡಿದ ಬೋಲ್ಟೆಂದು ಮೇಸ್ತ್ರಿ ಎಸೆಯುವ ಡಬ್ಬಿಯಲ್ಲಿ ಆ ಜೀಪಿನ ಜಾತಕವೇ ಹೋಗಿಬಿಡಬಹುದು.

ಕೆಡಿಸುವ ಬಗೆಗಳು

ಮೊದಲನೆಯದು ವೇಷ. ಎತ್ತರದ ಮೂತಿಯ ಸಿಜೆ-3ಬಿ ಜೀಪಿನ ಬಾನೆಟ್ಟು ಕತ್ತರಿಸಿ ತಗ್ಗಿಸಿ, ಹಸಿರು ಬಳಿದು, ಮೇಲೊಂದು ಬಿಳಿಯ ನಕ್ಷತ್ರ ಬರೆಸಿ ಯುದ್ಧದ ಜೀಪೆಂದು ಮೆರೆಸುವುದು ಈಗಿನ ಶೋಕಿ. ಈ ಮಾದರಿ ಹುಟ್ಟಿದ್ದೇ ಯುದ್ಧ ಮುಗಿದು ಏಳೆಂಟು ವರ್ಷಗಳಾದ ಮೇಲೆ. ಅದರ ನಿಜವಾದ ಚರಿತ್ರೆ ನಮ್ಮ ಕಾಫಿ ಚೀಲ, ಅಡಿಕೆ ಮೂಟೆ, ಆಸ್ಪತ್ರೆಗೆ ಹೊತ್ತೊಯ್ದ ಬಾಣಂತಿಯರದು. ಅದನ್ನು ಅಳಿಸಿ ಯಾರದೋ ಸೈನ್ಯದ ನಂಬರು ಬರೆಸುವುದು ನನ್ನ ದೃಷ್ಟಿಯಲ್ಲಿ ದುರಸ್ತಿಯಲ್ಲ, ಸುಳ್ಳು. ಹೀಗೆ ಕತ್ತರಿಸಿದ ಜೀಪು ಯುದ್ಧದ ಜೀಪೂ ಆಗುವುದಿಲ್ಲ, ಸಿಜೆ-3ಬಿಯಾಗಿಯೂ ಉಳಿಯುವುದಿಲ್ಲ.

ಎರಡನೆಯದು ಹೊಳಪು. ಸೈನ್ಯದ ಜೀಪಿಗೆ ಕಾರ್ಖಾನೆಯಲ್ಲಿ ಹಚ್ಚುತ್ತಿದ್ದದ್ದು ಮಿರುಗದ ಮಂಕು ಹಸಿರು. ಹೊಳೆದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆ ಎಂಬುದೇ ಅದರ ಉದ್ದೇಶ. ಅದಕ್ಕೆ ಕನ್ನಡಿಯಂಥ ಬಣ್ಣ ಹೊಡೆಸಿ, ಬಂಪರಿಗೆ ಕ್ರೋಮಿಯಂ ಲೇಪ ಕೊಡಿಸಿದರೆ ಮದುವೆ ಮೆರವಣಿಗೆಗೆ ಒಪ್ಪೀತು, ಜೀಪಿಗೆ ಒಪ್ಪದು. ಇದಕ್ಕಿಂತ ದೊಡ್ಡ ಅಪಾಯ ಬಣ್ಣದ ಅಡಿಯಲ್ಲಿರುವ ಪುಟ್ಟಿ. ತೂತು ಬಿದ್ದ ತಗಡಿನ ಮೇಲೆ ಪುಟ್ಟಿ ಮೆತ್ತಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ತುಕ್ಕು ಮತ್ತೆ ಹೊರಗೆ ಬರುತ್ತದೆ.

ಮೂರನೆಯದು ಚಕ್ರ. ಯುದ್ಧದ ಜೀಪಿಗೆ ಕಾರ್ಖಾನೆ ಕೊಟ್ಟದ್ದು 6.00-16 ಅಳತೆಯ ಕಿರಿದಾದ ಟೈರು. ಅದಕ್ಕೆ ಅಗಲದ ಟೈರು ಹಾಕಿಸಿದರೆ ಸ್ಟೀರಿಂಗಿನ ಮೇಲೂ ಬೇರಿಂಗಿನ ಮೇಲೂ ಭಾರ ಬೀಳುತ್ತದೆ. ಇನ್ನೊಂದು ಮಾತು. ಯುದ್ಧಕಾಲದ ಜೀಪಿನ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡಮರೆ. ಬಲಗಡೆಯಂತೆ ತಿರುಗಿಸಿದರೆ ಅವು ಬಿಗಿಯುತ್ತವೆಯೇ ಹೊರತು ಸಡಿಲುವುದಿಲ್ಲ. ಇದು ತಿಳಿಯದೆ ಉದ್ದನೆಯ ಕೊಳವೆ ಸಿಕ್ಕಿಸಿ ಬಲ ಹಾಕಿದರೆ ಸ್ಟಡ್ಡು ಮುರಿಯುತ್ತದೆ.

ನಾಲ್ಕನೆಯದು, ಉಪಯೋಗ ತಿಳಿಯದ್ದನ್ನು ಕತ್ತರಿಸಿ ಹಾಕುವುದು. ಮಗ್ಗುಲಲ್ಲಿ ಗುದ್ದಲಿ, ಕೊಡಲಿ ಸಿಕ್ಕಿಸುತ್ತಿದ್ದ ಕೊಂಡಿಗಳು, ಹಿಂದಿನ ಮೂಲೆಗಳ ಸಾಮಾನಿನ ಗೂಡುಗಳು, ರಾತ್ರಿ ರಿಪೇರಿಗೆ ಬೆಳಕಾಗಲೆಂದು ಎಂಜಿನ್ನಿನ ಕಡೆಗೆ ತಿರುಗಿಸಬಹುದಾದ ಮುಂದಿನ ದೀಪದ ಕೀಲು, ಇವೆಲ್ಲ ಕಾರ್ಖಾನೆಯವರು ಯೋಚಿಸಿ ಇಟ್ಟವು. ಎದುರಿನ ಹಲಗೆಗೆ ರಿವೆಟ್ ಹೊಡೆದ ತಗಡಿನ ಫಲಕಗಳಂತೂ ಅಮೂಲ್ಯ.

ಮಾಡಬೇಕಾದ ಕ್ರಮ

ಒಂದು ನಟ್ಟನ್ನು ಬಿಚ್ಚುವ ಮೊದಲು ಇಡೀ ಗಾಡಿಯ ಚಿತ್ರ ತೆಗೆದಿಡಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಚಾಸಿಯ ನಂಬರು, ಎಂಜಿನ್ ನಂಬರು ಆರ್.ಸಿ. ಪುಸ್ತಕಕ್ಕೆ ಹೊಂದುತ್ತವೆಯೇ ನೋಡಿ. ಚಾಸಿಯನ್ನು ಉಜ್ಜಿಸುವ ಭರದಲ್ಲಿ ನಂಬರು ಸವೆದುಹೋದರೆ ಕಚೇರಿಯಲ್ಲಿ ಉತ್ತರ ಹೇಳಬೇಕಾದವರು ನೀವೇ. ಬಿಚ್ಚಿದ್ದನ್ನು ಚೀಟಿ ಕಟ್ಟಿ ಬೇರೆ ಬೇರೆ ಡಬ್ಬಿಯಲ್ಲಿಡಿ. ಹಳೆಯ ಬಣ್ಣವನ್ನು ಒಂದೇ ಸಲಕ್ಕೆ ಕೆರೆಯದೆ, ಸೀಟಿನ ಅಡಿಯಂಥ ಮರೆಯ ಜಾಗದಲ್ಲಿ ಮೆಲ್ಲಗೆ ಉಜ್ಜಿದರೆ ಪದರ ಪದರವಾಗಿ ಹಿಂದಿನ ಬಣ್ಣಗಳು ಕಾಣುತ್ತವೆ. ಎಲ್ಲಕ್ಕೂ ಕೆಳಗಿನದು ನಿಮಗೆ ಬೇಕಾದ ಬಣ್ಣ.

ಸರಿಯಾಗುವುದನ್ನು ಸರಿಮಾಡಿಸಿ, ಆಗದ್ದನ್ನು ಮಾತ್ರ ಬದಲಿಸಿ. ಹಳೆಯ ಮಡ್‌ಗಾರ್ಡಿನ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅದೇ ದಪ್ಪದ ತಗಡನ್ನು ಬೆಸೆಯಬಹುದು. ಮಾರುಕಟ್ಟೆಯ ಹೊಸ ತಗಡು ಅಗ್ಗವಾಗಿ ಕಂಡರೂ ಹಳೆಯ ಬೋಲ್ಟಿನ ತೂತಿಗೆ ಅದು ಕೂರುವಂತೆ ಮಾಡಲು ಇನ್ನೊಂದಷ್ಟು ಕೂಲಿ ಬೀಳುತ್ತದೆ.

ಆದರೆ ಪ್ರಾಣದ ಪ್ರಶ್ನೆ ಬಂದಲ್ಲಿ ಹಳೆಯದಕ್ಕೆ ಅಂಟಿಕೊಳ್ಳುವುದು ಮೂರ್ಖತನ. ಬ್ರೇಕಿನ ರಬ್ಬರು, ಕೊಳವೆ, ವೈರಿಂಗು ಹೊಸದೇ ಇರಲಿ. ಈಗ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಬರುತ್ತಿದೆ. ಹಳೆಯ ಕಾಲದ ರಬ್ಬರು ಅದಕ್ಕೆ ಮೆತ್ತಗಾಗಿ ಸೋರುತ್ತದೆ. ಯುದ್ಧದ ಜೀಪಿನಲ್ಲಿ ಪೆಟ್ರೋಲು ಟ್ಯಾಂಕಿರುವುದು ಚಾಲಕನ ಸೀಟಿನ ಅಡಿಯಲ್ಲೇ ಎಂಬುದನ್ನು ಮರೆಯಬಾರದು.

ಡೀಸೆಲ್ ಎಂಜಿನ್ ಮತ್ತು ಕಾನೂನು

"ನಮ್ಮ ಹಿರಿಯರೇ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದಾರಲ್ಲ, ಅದು ತಪ್ಪೇ?" ಎಂದು ಕೇಳಬಹುದು. ಖಂಡಿತ ಅಲ್ಲ. ಅವರಿಗೆ ಬೇಕಾಗಿದ್ದದ್ದು ಕಡಿಮೆ ಖರ್ಚಿನಲ್ಲಿ ಘಾಟಿ ಹತ್ತುವ ಗಾಡಿ, ವಸ್ತು ಸಂಗ್ರಹಾಲಯವಲ್ಲ. ಇಂದಿಗೂ ದುಡಿಯುತ್ತಿರುವ ಜೀಪು ದುಡಿಯಲಿ. ನಾನು ಹೇಳುತ್ತಿರುವುದು, ಆಗ ಇಳಿಸಿದ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಇನ್ನೂ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ ಎಂದು.

ಕಾರಣವಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನೋಂದಣಿ ಏರ್ಪಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಆ ತಿದ್ದುಪಡಿಯಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಮಾಡಿದರು. ನೋಂದಣಿಯ ಅವಧಿ ಹತ್ತು ವರ್ಷ. ಅಂದರೆ ಮೂಲರೂಪ ಎಂಬುದು ಈಗ ಬರಿಯ ಹವ್ಯಾಸಿಗಳ ಮಾತಲ್ಲ, ಕಾನೂನಿನ ಮಾತು. ಬಾನೆಟ್ಟು ಕತ್ತರಿಸಿದವರು ಈ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಆದರೆ ಇದೇ ನಿಯಮದ ಇನ್ನೊಂದು ಮಾತನ್ನು ಸಣ್ಣ ಬೆಳೆಗಾರರು ಕಿವಿಗೊಟ್ಟು ಕೇಳಬೇಕು. ವಿಂಟೇಜ್ ಎಂದು ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲೀ ಬಾಡಿಗೆ ವ್ಯವಹಾರಕ್ಕಾಗಲೀ ರಸ್ತೆಯಲ್ಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಮುಂತಾದವಕ್ಕೆ ಮಾತ್ರ ಅವಕಾಶ. ಆದ್ದರಿಂದ ಮೂಟೆ ಸಾಗಿಸುವ ಒಂದೇ ಗಾಡಿಯನ್ನು ಗೌರವದ ಆಸೆಗೆ ಈ ಪಟ್ಟಿಗೆ ಸೇರಿಸಬೇಡಿ. ಸುಮ್ಮನೆ ನಿಂತಿರುವ, ಹೆಚ್ಚು ಭಾಗ ಅಸಲಿಯಾಗಿ ಉಳಿದಿರುವ ಜೀಪಿಗೆ ಮಾತ್ರ ಇದು ತಕ್ಕದ್ದು.

ಸಂಘ ಮಾಡಬಹುದಾದದ್ದು

ಇದು ಹಣವಂತರ ಹವ್ಯಾಸ, ನಮಗೇಕೆ ಎನ್ನುವವರಿದ್ದಾರೆ. ಒಬ್ಬೊಬ್ಬರೇ ಹೊರಟರೆ ಅದು ನಿಜ. ಒಬ್ಬರ ಮನೆಯಲ್ಲಿ ಚಾಸಿ ಗಟ್ಟಿ, ಬಾಡಿ ಇಲ್ಲ. ಇನ್ನೊಬ್ಬರಲ್ಲಿ ಎಂಜಿನ್ನಿದೆ, ಚಾಸಿ ತುಂಡಾಗಿದೆ. ಮತ್ತೊಬ್ಬರ ಅಟ್ಟದಲ್ಲಿ ಬಿಚ್ಚಿಟ್ಟ ಕಾರ್ಬುರೇಟರು ಧೂಳು ತಿನ್ನುತ್ತಿದೆ. ಸಹಕಾರದ ತತ್ವ ಹುಟ್ಟಿದ್ದೇ ಇಂಥಲ್ಲಿ. ಸದಸ್ಯರ ಬಳಿ ಇರುವ ಹಳೆಯ ಜೀಪುಗಳ ಮಾದರಿ, ನಂಬರು, ಇರುವ ಮತ್ತು ಬೇಕಾದ ಭಾಗಗಳನ್ನು ಬರೆದಿಡುವ ಒಂದು ಪುಸ್ತಕವನ್ನು ಸಂಘದ ಕಚೇರಿಯಲ್ಲಿ ತೆರೆಯಬೇಕು. ಈ ಪತ್ರಿಕೆಯಲ್ಲಿ ಬಿಡಿಭಾಗಗಳ ವಿನಿಮಯಕ್ಕೆ ಅರ್ಧ ಪುಟ ಮೀಸಲಿಡಬೇಕು. ಎಡಮರೆ ನಟ್ಟು, ವಾಲ್ವಿನ ಅಂತರ, ಕಾರ್ಬುರೇಟರಿನ ಹದ ಬಲ್ಲ ಹಳೆಯ ಮೇಸ್ತ್ರಿಗಳು ಇನ್ನು ಕೆಲವರೇ ಉಳಿದಿದ್ದಾರೆ. ಅವರನ್ನು ಒಂದು ದಿನ ಕರೆಸಿ, ನಮ್ಮ ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಬಿಡಿಭಾಗ ಎಂದಾದರೂ ಸಿಕ್ಕೀತು, ಆ ಕೈಗಳು ಹೋದಮೇಲೆ ಸಿಗುವುದಿಲ್ಲ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದು ಆಡಳಿತ ಮಂಡಲಿಯವರಲ್ಲಿ ನನ್ನ ವಿನಂತಿ. ಅಲ್ಲಿಯವರೆಗೆ ಸದಸ್ಯ ಬಾಂಧವರು ತಮ್ಮ ಜೀಪಿನ ಗ್ರಿಲ್ಲಿನ ಸೀಳುಗಳನ್ನೊಮ್ಮೆ ಎಣಿಸಿ ನೋಡಲಿ. ಅಟ್ಟದ ಮೇಲಿನ ಬೋಲ್ಟಿನ ಡಬ್ಬಿಯನ್ನು ಯಾರಿಗೂ ಕೊಡದಿರಲಿ.

— ಒಬ್ಬ ಸದಸ್ಯ