ಸೀಳಿನ ಬೆಳಕನ್ನು ಕಣ್ಣಾರೆ ಕಾಣಬೇಕು

ಫೆಬ್ರವರಿ 28 ಬಂದಿತೆಂದರೆ ನಮ್ಮ ಶಾಲೆಗಳಲ್ಲಿ ಸರ್ ಸಿ. ವಿ. ರಾಮನ್ನರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ, ಭಾಷಣಗಳೂ ಆಗುತ್ತವೆ. ಅದು ಉಚಿತವೇ. ಆದರೆ ಆ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಿರಿದಾದ ಸೀಳೊಂದರ ಮೂಲಕ ಬಿಳಿಯ ಬೆಳಕನ್ನು ನೋಡುವಂತೆ ಮಾಡುವುದು ಹಾರಕ್ಕಿಂತ ಮಿಗಿಲಾದ ಗೌರವವೆಂದು ನಾವು ಭಾವಿಸುತ್ತೇವೆ.

ರಾಮನ್ನರ ಮೊದಲನೆಯ ಸಂಶೋಧನಲೇಖನದ ವಿಷಯವೇ ಬೆಳಕಿನ ವಿವರ್ತನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ, ಪಟ್ಟಕದ ಮುಖದಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕಿನ ಇಕ್ಕೆಲದ ಪಟ್ಟೆಗಳು ಸಮನಾಗಿಲ್ಲವೆಂಬುದನ್ನು ಅವರು ಕಂಡರು. ಅದು 1906ರ ನವೆಂಬರಿನಲ್ಲಿ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ 18 ವರ್ಷ. ಇಂದಿನ ನಮ್ಮ ಕಾಲೇಜು ವಿದ್ಯಾರ್ಥಿಯ ವಯಸ್ಸು.

ಪಟ್ಟಕದಲ್ಲಿ ನೀಲಿಯು ಕೆಂಪಿಗಿಂತ ಹೆಚ್ಚು ಬಾಗುತ್ತದೆಂಬುದನ್ನು ಎಲ್ಲರೂ ಓದಿರುತ್ತಾರೆ. ಸೀಳಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಅಲ್ಲಿ ತರಂಗಾಂತರ ಹೆಚ್ಚಿದಷ್ಟೂ ಬೆಳಕು ಹೆಚ್ಚಾಗಿ ಹರಡುತ್ತದೆ. ಸೀಳಿನ ಅಗಲ 0.1 ಮಿಲಿಮೀಟರು, ತೆರೆಯ ದೂರ 1 ಮೀಟರು ಎಂದುಕೊಳ್ಳೋಣ. 0.00045 ಮಿಲಿಮೀಟರು ತರಂಗಾಂತರದ ನೀಲಿಯು ನಡುವಿನಿಂದ 4.5 ಮಿಲಿಮೀಟರು ದೂರದಲ್ಲಿ ಮೊದಲು ಆರುತ್ತದೆ, 0.00065 ಮಿಲಿಮೀಟರಿನ ಕೆಂಪು ಆರುವುದು 6.5 ಮಿಲಿಮೀಟರಿನಲ್ಲಿ. ಆದುದರಿಂದಲೇ ನಡುವೆ ಎಲ್ಲ ಬಣ್ಣಗಳೂ ಕೂಡಿ ಬಿಳುಪು, ಅದರ ಅಂಚಿನಲ್ಲಿ ಕೆಂಪು, ಅದರಾಚೆಗೆ ನೀಲಿಯ ಛಾಯೆ. ಸೀಳನ್ನು ಕಿರಿದು ಮಾಡಿದರೆ ಬೆಳಕೂ ಕಿರಿದಾಗುವುದಿಲ್ಲ. ಮಂಕಾಗಿ, ಇನ್ನೂ ಅಗಲವಾಗುತ್ತದೆ. ಬೆಳಕು ಅಲೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿ ಬೇರೆ ಯಾವುದು?

ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಗಳಿಸಬಹುದು. ಈ ವಿಸ್ಮಯವನ್ನು ಗಳಿಸಲಾಗದು. ಉಪಕರಣವಿಲ್ಲವೆಂಬ ನೆಪವೂ ಇಲ್ಲಿ ನಿಲ್ಲದು. ಎರಡು ಪೆನ್ಸಿಲ್ಲುಗಳನ್ನು ಕೂದಲೆಳೆಯಷ್ಟು ಎಡೆಬಿಟ್ಟು ಜೋಡಿಸಿ ಕಣ್ಣಿನ ಬಳಿ ಹಿಡಿದು, ಹತ್ತು ಮೀಟರು ದೂರದಲ್ಲಿಟ್ಟ ಮೊಬೈಲ್ ಫೋನಿನ ಪುಟ್ಟ ದೀಪವನ್ನು ಕತ್ತಲೆಯಲ್ಲಿ ನೋಡಿದರೆ ಸಾಕು. ಸೂರ್ಯನನ್ನು ಮಾತ್ರ ಎಂದಿಗೂ ಹೀಗೆ ನೋಡಬಾರದು.

ಮದ್ದೂರಿನ ಬಳಿ, ಶಿಂಷಾ ದಂಡೆಯ ವೈದ್ಯನಾಥಪುರದಂತಹ ಹಳ್ಳಿಯ ಹುಡುಗ ಹುಡುಗಿಯರಿಗೆ ಈ ಪ್ರಯೋಗವು ನಗರದವರಿಗಿಂತ ಸುಲಭ. ಅವರಲ್ಲಿ ಕತ್ತಲೆಗೆ ಬರವಿಲ್ಲ. ವಿಜ್ಞಾನವು ದೂರದ ಪ್ರಯೋಗಶಾಲೆಯ ಸೊತ್ತೆಂಬ ಅಂಜಿಕೆಯನ್ನು ಅವರಿಂದ ಕಳೆಯುವುದು ಉಪಾಧ್ಯಾಯರ ಮೊದಲ ಕರ್ತವ್ಯ. ಸೂತ್ರವನ್ನು ಮರುದಿನ ಕಪ್ಪುಹಲಗೆಯ ಮೇಲೆ ಬರೆಯಲಿ. ಮೊದಲು ಮಕ್ಕಳು ನೋಡಲಿ.