ಲೆಫ್ಟ್ ಬ್ರೈನ್, ರೈಟ್ ಬ್ರೈನ್: ಈ ಜಾತಕ ಸಾಕು ಮಾಡೋಣ

ಮಿನಿ ಪ್ರಾಜೆಕ್ಟ್ ಟೀಮ್ ಆದ ಕೂಡಲೇ ನಮ್ಮಲ್ಲಿ ಕೆಲಸ ಹಂಚಿಕೆ ಎರಡೇ ನಿಮಿಷದಲ್ಲಿ ಮುಗಿದುಹೋಗುತ್ತೆ. ಕೋಡ್ ಬರೆಯೋರು 'ಲೆಫ್ಟ್ ಬ್ರೈನ್', ಪಿಪಿಟಿ, ಪೋಸ್ಟರ್ ಮಾಡೋರು 'ರೈಟ್ ಬ್ರೈನ್'. ಕನ್ನಡ ಸಂಘಕ್ಕೆ ಬಂದು ಒಂದು ಕವಿತೆ ಓದ್ರೋ ಅಂದ್ರೆ, "ಅಯ್ಯೋ, ನಾವು ಲೆಫ್ಟ್ ಬ್ರೈನ್ ಪಾರ್ಟಿ ಕಣ್ರೋ" ಅಂತ ಜಾರಿಕೊಳ್ತೇವೆ. ತಮಾಷೆಯ ಮಾತು ಈಗ ಜಾತಕದಂತಾಗಿದೆ. ಅದನ್ನು ನಂಬೋ ಮೊದಲು ಮೆದುಳಿನ ಎರಡು ಅರ್ಧಗಳು ನಿಜಕ್ಕೂ ಏನು ಮಾಡುತ್ತವೆ ಅಂತ ನೋಡೋಣ.

ನೋಟದಿಂದಲೇ ಶುರು ಮಾಡಬಹುದು. ಎಡಗಣ್ಣಿನ ವೈರ್ ಬಲ ಮೆದುಳಿಗೆ, ಬಲಗಣ್ಣಿನದು ಎಡ ಮೆದುಳಿಗೆ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದೇವೆ. ನಿಜವಾದ ವೈರಿಂಗ್ ಇನ್ನೂ ಚೆನ್ನಾಗಿದೆ. ಪ್ರತಿ ಕಣ್ಣಿನ ನರವೂ ದಾರಿಯಲ್ಲಿ ಕವಲೊಡೆಯುತ್ತೆ. ನಾವು ದಿಟ್ಟಿಸುತ್ತಿರುವ ಬಿಂದುವಿನ ಎಡಕ್ಕಿರೋದೆಲ್ಲ ಎರಡೂ ಕಣ್ಣುಗಳಿಂದ ಬಲ ಮೆದುಳಿಗೆ ಹೋಗುತ್ತೆ, ಬಲಕ್ಕಿರೋದೆಲ್ಲ ಎಡ ಮೆದುಳಿಗೆ. ಈ ಎರಡನ್ನೂ ಜೋಡಿಸೋದು ಕಾರ್ಪಸ್ ಕಲೋಸಮ್ ಅನ್ನೋ, ಸುಮಾರು 20 ಕೋಟಿ ನರತಂತುಗಳ ಕಟ್ಟು.

ಗಮನದ ವಿಷಯದಲ್ಲೂ ಎರಡು ಅರ್ಧಗಳಿಗೆ ಸ್ವಲ್ಪ ಮಟ್ಟಿಗೆ ಬೇರೆ ಬೇರೆ ಖಾತೆ ಇದೆ. ಪರದೆ ಮೇಲೆ ಓಡಾಡುವ ಚುಕ್ಕೆಗಳಲ್ಲಿ ಕೆಲವನ್ನು ಮಾತ್ರ ಹಿಂಬಾಲಿಸಿ ಅಂತ ಆಲ್ವಾರೆಝ್ ಮತ್ತು ಕ್ಯಾವನಾ 2005ರಲ್ಲಿ ಪ್ರಯೋಗ ಮಾಡಿದರು. ಚುಕ್ಕೆಗಳೆಲ್ಲ ಒಂದೇ ಬದಿಯಲ್ಲಿದ್ದಾಗ ಹಿಂಬಾಲಿಸಲು ಆಗುತ್ತಿದ್ದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಚುಕ್ಕೆಗಳನ್ನು, ಎಡ ಬಲ ಎರಡೂ ಬದಿಗೆ ಹಂಚಿದಾಗ ಹಿಂಬಾಲಿಸಲು ಸಾಧ್ಯವಾಯಿತು. ಡ್ಯುಯಲ್ ಕೋರ್ ಇದ್ದ ಹಾಗೆ.

ಆದರೆ ಎರಡು ಕೋರ್‌ಗಳೂ ಒಂದೇ ಥರ ಇಲ್ಲ. ಸ್ಟ್ರೋಕ್‌ನಿಂದ ಬಲ ಮೆದುಳಿಗೆ ಪೆಟ್ಟಾದ ಕೆಲವರು ತಟ್ಟೆಯ ಬಲ ಅರ್ಧದಲ್ಲಿರೋ ಅನ್ನ ಮಾತ್ರ ತಿಂದು ಎಡಗಡೆಯದನ್ನು ಹಾಗೇ ಬಿಡ್ತಾರೆ. ಕಣ್ಣು ಸರಿಯಾಗೇ ಇರುತ್ತೆ, ಎಡಗಡೆ ಗಮನ ಹೋಗಲ್ಲ ಅಷ್ಟೆ. 1978ರಲ್ಲಿ ಬಿಸಿಯಾಕ್ ಮತ್ತು ಲುಝಾಟಿ ಇಂಥ ಇಬ್ಬರು ರೋಗಿಗಳಿಗೆ, ಮಿಲಾನ್ ನಗರದ ಕ್ಯಾಥೆಡ್ರಲ್ ಚೌಕದಲ್ಲಿ ಕ್ಯಾಥೆಡ್ರಲ್ ಕಡೆ ಮುಖ ಮಾಡಿ ನಿಂತಂತೆ ಕಲ್ಪಿಸಿಕೊಂಡು ಸುತ್ತಲಿನದನ್ನು ವರ್ಣಿಸಿ ಅಂದರು. ಅವರು ಹೆಚ್ಚಾಗಿ ಬಲಬದಿಯ ಕಟ್ಟಡಗಳನ್ನೇ ಹೇಳಿದರು. ಈಗ ಎದುರು ತುದಿಯಿಂದ, ಅಂದರೆ ಕ್ಯಾಥೆಡ್ರಲ್‌ಗೆ ಬೆನ್ನು ಹಾಕಿ ಕಲ್ಪಿಸಿಕೊಳ್ಳಿ ಅಂದಾಗ, ಮೊದಲು ಬಿಟ್ಟಿದ್ದವೇ ಬಾಯಿಗೆ ಬಂದವು! ನೆನಪು ಪೂರ್ತಿ ಇತ್ತು, ಗಮನ ಅರ್ಧ ಇತ್ತು.

ಎಡ ಮೆದುಳಿಗೆ ಪೆಟ್ಟಾದರೆ ಈ ತೊಂದರೆ ಇಷ್ಟು ತೀವ್ರವಾಗಿ, ಇಷ್ಟು ದಿನ ಕಾಣಿಸೋದು ಕಡಿಮೆ. ಹೆಚ್ಚಿನ ವಿಜ್ಞಾನಿಗಳು ಕೊಡೋ ವಿವರಣೆ ಸರಳ: ಬಲ ಮೆದುಳು ಎರಡೂ ಬದಿಗೆ ಗಮನ ಕೊಡುತ್ತೆ, ಎಡ ಮೆದುಳು ಮುಖ್ಯವಾಗಿ ಬಲಬದಿಗೆ. ಹಾಗಾಗಿ ಬಲಬದಿಗೆ ಬ್ಯಾಕಪ್ ಇದೆ, ಎಡಬದಿಗೆ ಇಲ್ಲ.

ಇದು ನಿಜವಾದ ವ್ಯತ್ಯಾಸ. ಇದರಲ್ಲಿ ಗಣಿತದವರು, ಕವಿತೆಯವರು ಎಲ್ಲಿ ಬಂದರು? ರೋಜರ್ ಸ್ಪೆರ್ರಿಗೆ 1981ರಲ್ಲಿ ನೊಬೆಲ್ ತಂದ ಸಂಶೋಧನೆಯಲ್ಲಿದ್ದ ರೋಗಿಗಳಿಗೆ, ಅಪಸ್ಮಾರದ ಚಿಕಿತ್ಸೆಗಾಗಿ ಆ ಜೋಡಿಸುವ ಕಟ್ಟನ್ನೇ ಕತ್ತರಿಸಲಾಗಿತ್ತು. ಅಲ್ಲಿಂದ ಹೊರಟ ಮಾತು ಜನರ ಬಾಯಲ್ಲಿ ಬೆಳೆದು ವ್ಯಕ್ತಿತ್ವದ ಲೇಬಲ್ ಆಯ್ತು. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಂಡ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ, ಒಟ್ಟಾರೆ ಎಡ ಮೆದುಳಿನವರು, ಬಲ ಮೆದುಳಿನವರು ಅನ್ನೋ ಗುಂಪುಗಳೇ ಕಾಣಲಿಲ್ಲ.

"ಆದ್ರೂ ಕೆಲವರಿಗೆ ಲೆಕ್ಕ ಸಲೀಸು, ಕೆಲವರಿಗೆ ಚಿತ್ರ, ಅಲ್ವಾ?" ಹೌದು. ಆಸಕ್ತಿ ಬೇರೆ, ಅಭ್ಯಾಸ ಬೇರೆ. ಅಭ್ಯಾಸ ಅಂದಾಗ ಬದಲಾಯಿಸಬಹುದು ಅನಿಸುತ್ತೆ, ಮೆದುಳೇ ಹಾಗೆ ಅಂದಾಗ ಕೈಚೆಲ್ಲಿ ಕೂರ್ತೇವೆ. ಮೊದಲ ಸೆಮಿಸ್ಟರ್‌ನಲ್ಲಿ ಅಕ್ಷರ ಚೆನ್ನಾಗಿದೆ ಅಂತ ಪೋಸ್ಟರ್ ಕೊಟ್ಟ ಹುಡುಗಿಗೆ ಎಂಟನೇ ಸೆಮಿಸ್ಟರ್‌ವರೆಗೂ ಪೋಸ್ಟರೇ ಕೊಡ್ತೇವೆ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ "ಪ್ರಾಜೆಕ್ಟ್‌ನಲ್ಲಿ ನೀವೇನು ಕೋಡ್ ಮಾಡಿದ್ರಿ?" ಅಂತ ಕೇಳಿದಾಗ ಅವಳ ಹತ್ತಿರ ಉತ್ತರ ಇರಲ್ಲ. ಕೋಡ್ ಮಾಡಿದವನಿಗೆ ತನ್ನ ಕೆಲಸವನ್ನು ನಾಲ್ಕು ಜನರಿಗೆ ಅರ್ಥವಾಗೋ ಹಾಗೆ ಹೇಳೋಕೆ ಬರಲ್ಲ. ಆ ರೋಗಿಗಳಿಗೆ ಅರ್ಧ ತಟ್ಟೆ ತಪ್ಪಿಸಿದ್ದು ಕಾಯಿಲೆ. ನಮಗೆ ತಪ್ಪಿಸ್ತಿರೋದು ನಾವೇ ಅಂಟಿಸಿಕೊಂಡ ಚೀಟಿ.

ಹಾಗಾಗಿ ಮುಂದಿನ ಮಿನಿ ಪ್ರಾಜೆಕ್ಟ್‌ನಲ್ಲಿ ಇಷ್ಟು ಮಾಡೋಣ. ಟೀಮ್‌ನ ಪ್ರತಿಯೊಬ್ಬರೂ ಒಂದು ಮಾಡ್ಯೂಲ್ ಕೋಡ್ ಮಾಡಲಿ, ಪ್ರತಿಯೊಬ್ಬರೂ ಎರಡು ಸ್ಲೈಡ್ ಮಾಡಿ ತಾವೇ ವಿವರಿಸಲಿ. ಸಂಘದ ಮುಂದಿನ ಕವಿಗೋಷ್ಠಿಗೂ ಬನ್ನಿ. ಬರದೇ ಇರೋಕೆ ಇಂಟರ್ನಲ್ಸ್ ಇದೆ ಅನ್ನಿ, ನಿದ್ದೆ ಬರ್ತಿದೆ ಅನ್ನಿ, ಒಪ್ಪಿಕೊಳ್ತೇವೆ. ಲೆಫ್ಟ್ ಬ್ರೈನ್ ಅಂತ ಮಾತ್ರ ಹೇಳಬೇಡಿ.